ಹತ್ತೊಂಬತ್ತು ವರ್ಷ ನೆಲ ಮುಟ್ಟದ ಒಂಟೆ

ತ್ರಿಶಂಕುವಿಗೆ ಕೊನೆಗೆ ತನ್ನದೇ ಒಂದು ಸ್ವರ್ಗವಾದರೂ ಸಿಕ್ಕಿತು. ಚಾರ್ಜಣ್ಣನ ಅಂಗಡಿಯ ಒಂಟೆಗೆ ಅದೂ ಇರಲಿಲ್ಲ. ಕೆಂಪು ಚಡ್ಡಿ ತೊಟ್ಟು, ನಾಲ್ಕೂ ಕಾಲು ಚಾಚಿ, ಬಾಲವನ್ನು ಛತ್ರಿಯ ಹಿಡಿಯಂತೆ ಮೇಲೆತ್ತಿ, ಬಾಯಿ ತೆರೆದ ಮೂರು ಮೊಸಳೆಗಳ ನೆತ್ತಿಯ ಮೇಲೆ ಅದು ಹತ್ತೊಂಬತ್ತು ವರ್ಷ ತೇಲಿಕೊಂಡಿತ್ತು. ಆ ಹತ್ತೊಂಬತ್ತು ವರ್ಷದಲ್ಲಿ ಆ ಬೀದಿಯಲ್ಲಿ ಬೀಳದೆ ಉಳಿದದ್ದು ಏನಿತ್ತು ಹೇಳಿ? ಅಂಚೆ ಕಚೇರಿಯ ಕಾಂಪೌಂಡು ಬಿತ್ತು. ಬ್ಯಾಂಕಿನ ಬೋರ್ಡು ಬಿತ್ತು, ಅದೂ ಮ್ಯಾನೇಜರ ಸ್ಕೂಟರಿನ ಮೇಲೆ. ಫಿಸಿಕ್ಸ್ ಮೇಷ್ಟ್ರ ತಲೆಗೂದಲು ಒಂದೂ ಬಿಡದೆ ಬಿತ್ತು. ಒಂಟೆ ಬೀಳಲಿಲ್ಲ.

ವಿಷಯ ಗೊತ್ತಿಲ್ಲದವರಿಗಾಗಿ ಮೊದಲು ಒಂಟೆಯ ವಂಶಾವಳಿ. ‘ಒಂಟೆ ಮಾಮ’ ಎಂಬುದು ಒಂದು ಕಾಲದಲ್ಲಿ ಟಿವಿಯಲ್ಲಿ ಬರುತ್ತಿದ್ದ ಕಾರ್ಟೂನು. ಮಾಮನ ಕೊರಳ ಗಂಟೆಯನ್ನು ಮೊಸಳೆಗಳು ಕದ್ದಿರುತ್ತವೆ. ಮಾಮ ವಾರವಾರವೂ ಅದನ್ನು ಹುಡುಕಿಕೊಂಡು ಹೊರಡುತ್ತಾನೆ, ಸಿಗುವುದಿಲ್ಲ. ಸಿಕ್ಕಿಬಿಟ್ಟರೆ ಮುಂದಿನ ವಾರ ತೋರಿಸುವುದೇನು? ಕಾರ್ಟೂನು ಹೆಸರು ಮಾಡಿದ ಮೇಲೆ ಅದರದ್ದೇ ಒಂದು ವಿಡಿಯೊ ಗೇಮ್ ಬಂತು. ಅಂಗೈ ಅಗಲದ ಕ್ಯಾಸೆಟ್ಟು, ಅದನ್ನು ಸಿಕ್ಕಿಸಲು ಒಂದು ಡಬ್ಬಿ, ಡಬ್ಬಿಯಿಂದ ಟಿವಿಗೊಂದು ವೈರು, ಕೈಗೊಂದು ರಿಮೋಟು. ಒಂಟೆ ಎಡದಿಂದ ಬಲಕ್ಕೆ ಓಡಬೇಕು, ಹಳ್ಳ ಬಂದರೆ ಹಾರಬೇಕು, ಏಡಿ ಬಂದರೆ ತಪ್ಪಿಸಿಕೊಳ್ಳಬೇಕು. ಹೀಗೆ ಏಳು ಹಂತ. ಜೀವ ಮೂರೇ ಮೂರು. ಇವತ್ತು ಇಲ್ಲಿಗೆ ನಿಲ್ಲಿಸಿ ನಾಳೆ ಮುಂದುವರಿಸುತ್ತೇನೆ ಎನ್ನಲು ಆ ಡಬ್ಬಿಗೆ ಅಷ್ಟು ನೆನಪಿನ ಶಕ್ತಿ ಇರಲಿಲ್ಲ. ಆರಿಸಿದಿರೋ, ಮತ್ತೆ ಒಂದನೇ ಹಂತದ ಮರಳೇ ಗತಿ. ಆರಿಸದೆ ನಡುವೆ ತಡೆದು ನಿಲ್ಲಿಸಲು ಮಾತ್ರ ರಿಮೋಟಿನಲ್ಲಿ ಒಂದು ಗುಂಡಿ ಇತ್ತು. ಹತ್ತೊಂಬತ್ತು ವರ್ಷಗಳ ಹಿಂದೆ ಒಂದು ಬೆಳಿಗ್ಗೆ ಚಾರ್ಜಣ್ಣ ಆ ಗುಂಡಿಯನ್ನು ಒತ್ತಿದ. ಆರನೇ ಹಂತ, ಕೊನೆಯ ಜೀವ, ಒಂಟೆ ಗಾಳಿಯಲ್ಲಿ. ಒತ್ತಿದವನು ಮತ್ತೆ ಒತ್ತಲಿಲ್ಲ.

ಚಾರ್ಜಣ್ಣನದು ಬ್ಯಾಟರಿ ಚಾರ್ಜ್ ಮಾಡುವ ಅಂಗಡಿ. ಒಳಗೆ ಕಾಲಿಟ್ಟರೆ ಆಸಿಡ್ಡಿನ ವಾಸನೆ ಮೂಗಿಗೆ ಚುಚ್ಚುತ್ತದೆ. ಗೋಡೆಗುಂಟ ಲಾರಿ ಬ್ಯಾಟರಿಗಳು ಆಸ್ಪತ್ರೆಯ ರೋಗಿಗಳಂತೆ ಮೂಗಿಗೆ ಕೆಂಪು ವೈರು, ಕಪ್ಪು ವೈರು ಸಿಕ್ಕಿಸಿಕೊಂಡು ಸಾಲಾಗಿ ಕೂತಿರುತ್ತವೆ. ಈ ಊರಿನಲ್ಲಿ ಕರೆಂಟು ಬರುವುದಕ್ಕಿಂತ ಹೋಗುವುದರಲ್ಲೇ ಶಿಸ್ತು ಹೆಚ್ಚು. ಹೀಗಿರುವಾಗ ಒಂದು ಡಬ್ಬಿಯನ್ನು ಹತ್ತೊಂಬತ್ತು ವರ್ಷ ಆರದಂತೆ ಇಡುವುದು ಹುಡುಗಾಟವಲ್ಲ. ಚಾರ್ಜಣ್ಣ ಅದಕ್ಕೆ ಎರಡು ಬ್ಯಾಟರಿ ಕೊಟ್ಟಿದ್ದ. ಹಳೆಯದನ್ನು ಬಿಡಿಸುವ ಮುಂಚೆ ಹೊಸದನ್ನು ಕಚ್ಚಿಸುತ್ತಿದ್ದ. ರಾತ್ರಿ ಟಿವಿ ಮಲಗುತ್ತಿತ್ತು, ಡಬ್ಬಿ ಎದ್ದಿರುತ್ತಿತ್ತು. ಬೆಳಿಗ್ಗೆ ಷಟರ್ ಎತ್ತಿ ಅವನು ಟಿವಿ ಹಾಕಿದರೆ ಒಂಟೆ ಅಲ್ಲೇ, ಅದೇ ಎತ್ತರದಲ್ಲಿ. ಡಬ್ಬಿಯ ಪಕ್ಕದಲ್ಲಿ, ಮುಚ್ಚಳವಿದ್ದ ಒಂದು ಪ್ಲಾಸ್ಟಿಕ್ ಡಬ್ಬದೊಳಗೆ ರಿಮೋಟು. ಅದರ ಮೇಲೊಂದು ಬಿಳಿ ಚೀಟಿ, ಗುಂಡಗಿನ ಅಕ್ಷರ: ‘ಮುಟ್ಟಬಾರದು.’

ಬ್ಯಾಟರಿಗಳಿಗೆ ಜೀವ ತುಂಬುವ ಈ ಮನುಷ್ಯನಿಗೆ ಮಾತಿನಲ್ಲಿ ಮಾತ್ರ ಚಾರ್ಜ್ ಬಹಳ ಕಡಿಮೆ. ಯಾಕೆ ನಿಲ್ಲಿಸಿದೆ ಎಂದು ಕೇಳಿದರೆ, “ಹಾಗೇ,” ಎನ್ನುತ್ತಿದ್ದ. ಮಾತಾಡದವನ ಬಾಯಲ್ಲಿ ಊರೇ ಮಾತಾಡುತ್ತದೆ. ಕರೆಂಟು ಹೋಗುವುದು ನಿಲ್ಲುವವರೆಗೂ ಒಂಟೆಯನ್ನು ಇಳಿಸುವುದಿಲ್ಲ ಎಂದು ಅವನು ವಿದ್ಯುತ್ ಇಲಾಖೆಯ ವಿರುದ್ಧ ಪಣ ತೊಟ್ಟಿದ್ದಾನೆ ಎಂದರು ಕೆಲವರು. ಒಂಟೆ ಇಳಿದ ದಿನ ಅಂಗಡಿಯೂ ಇಳಿಯುತ್ತದೆ ಎಂದು ಅವನಿಗೆ ಯಾರೋ ಹೇಳಿದ್ದಾರೆ ಎಂದರು ಇನ್ನು ಕೆಲವರು. ಆದರೆ ಬೀದಿ ಕೊನೆಗೆ ಒಪ್ಪಿಕೊಂಡ ಕಥೆ ಬೇರೆ, ಮತ್ತು ಆ ಕಥೆಯ ನಾಯಕಿ ಚಾರ್ಜಣ್ಣನ ಹೆಂಡತಿ ಚೀಟಿಯಕ್ಕ.

ಚೀಟಿಯಕ್ಕ ನಾಲ್ಕು ಅಂಗಡಿ ಆಚೆಯ ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಡಾಕ್ಟರ ಕೋಳಿ ಕೆದಕಿದ ಅಕ್ಷರವನ್ನು ಮುತ್ತಿನಂಥ ಅಕ್ಷರಕ್ಕೆ ಇಳಿಸಿ, ‘ಊಟದ ನಂತರ’, ‘ಅಲ್ಲಾಡಿಸಿ ಕುಡಿಯಿರಿ’, ‘ಮಕ್ಕಳ ಕೈಗೆ ಸಿಗದಂತೆ ಇಡಿ’ ಎಂದು ಚೀಟಿ ಅಂಟಿಸುವುದು ಅವಳ ಕಸುಬು. ಕಸುಬು ಮನೆಯವರೆಗೂ ಹಿಂಬಾಲಿಸಿತ್ತು. ಸಕ್ಕರೆ ಡಬ್ಬಕ್ಕೆ ಚೀಟಿ, ಉಪ್ಪಿನ ಡಬ್ಬಕ್ಕೆ ಚೀಟಿ, ಗೀಜರಿನ ಸ್ವಿಚ್ಚಿಗೆ ‘ಹತ್ತು ನಿಮಿಷ ಮಾತ್ರ’. ಅತ್ತೆ ಒಮ್ಮೆ, “ನಾನು ಸತ್ರೆ ನನ್ನ ಹಣೆಗೂ ಒಂದು ಅಂಟಿಸ್ತೀಯ ಬಿಡು, ‘ಅವಧಿ ಮುಗಿದಿದೆ’ ಅಂತ,” ಎಂದಿದ್ದರು.

ಹತ್ತೊಂಬತ್ತು ವರ್ಷಗಳ ಹಿಂದೆ ಇನ್ಸುಲಿನ್ ಇಡುವ ಫ್ರಿಜ್ಜಿನ ಬ್ಯಾಟರಿ ಕೈಕೊಟ್ಟಿತೆಂದು ಅವಳು ಅದನ್ನು ಗಾಡಿಯಲ್ಲಿ ತಳ್ಳಿಸಿಕೊಂಡು ಮೊದಲ ಸಲ ಈ ಅಂಗಡಿಗೆ ಬಂದಳು. ಅಂಗಡಿಯಲ್ಲಿ ಯಾರೂ ಇಲ್ಲ. ಟಿವಿಯಲ್ಲಿ ಒಂದು ಒಂಟೆ ಗಾಳಿಯಲ್ಲಿ ನಿಂತಿದೆ. ಇದ್ದ ಒಂದೇ ಕುರ್ಚಿಯಲ್ಲಿ ಕೂತಳು. ಅಷ್ಟರಲ್ಲಿ ಹಿಂಬಾಗಿಲಿನಿಂದ ಒದ್ದೆ ಕೈ ಒರೆಸಿಕೊಳ್ಳುತ್ತ ಒಬ್ಬ ಯುವಕ ಬಂದ. ಅವಳನ್ನು ನೋಡಿ ನಿಂತ. ನಿಂತೇ ಇದ್ದ. ಆಮೇಲೆ ಬ್ಯಾಟರಿಯ ಮುಚ್ಚಳ ತೆಗೆದು ಇಣುಕಿ, ತನ್ನ ಜೀವನದ ಮೊದಲ ಪ್ರೇಮಸಂಭಾಷಣೆಯನ್ನು ಆಡಿದ: “ನೀರು ಕಮ್ಮಿಯಾಗಿದೆ. ನಾಳೆ ಬನ್ನಿ.”

ಮರುದಿನ ಬಂದರೆ ಒಂಟೆ ಅಲ್ಲೇ ಇತ್ತು. “ಯಾಕೆ ಆಡಲಿಲ್ಲ?” ಎಂದು ಕೇಳಿದಳು. “ಹಾಗೇ ಇರ್ಲಿ ಅಂತ,” ಎಂದ. ಮೂರನೆಯ ದಿನ ಅವಳಿಗೆ ಅರ್ಥವಾಯಿತು. ಅಥವಾ ಅರ್ಥವಾಯಿತು ಎಂದು ಅವಳಿಗೆ ಅನ್ನಿಸಿತು. ಒಳಗಿನಿಂದ ಅವಳು ಬರುವುದನ್ನು ಅವನು ನೋಡಿದ್ದಾನೆ, ನೋಡಿದವನು ಜಗತ್ತನ್ನು ತಡೆದು ನಿಲ್ಲಿಸಿದ್ದಾನೆ. ಆ ಗಳಿಗೆಯನ್ನು ಮುಂದಕ್ಕೆ ಬಿಡಲು ಅವನಿಗೆ ಮನಸ್ಸಿಲ್ಲ. ನಾಲ್ಕನೆಯ ದಿನ ತನ್ನ ಅಂಗಡಿಯಿಂದ ಒಂದು ಬಿಳಿ ಚೀಟಿ ತಂದು ಅವಳೇ ರಿಮೋಟಿನ ಡಬ್ಬದ ಮೇಲೆ ಅಂಟಿಸಿದಳು. ಐದು ತಿಂಗಳಿಗೆ ಮದುವೆಯಾಯಿತು.

ಈ ಅರ್ಥವನ್ನು ಅವಳು ಗಂಡನ ಬಾಯಿಂದ ಒಮ್ಮೆಯೂ ಕೇಳಿ ತಿಳಿಯಲಿಲ್ಲ. ಕೆಲವು ಮಾತ್ರೆಗಳನ್ನು ಅಗಿಯಬಾರದು, ಇಡಿಯಾಗಿ ನುಂಗಬೇಕು ಎಂಬುದು ಅವಳ ಕಸುಬಿನ ಪಾಠ. ಔಷಧಿ ಅಂಗಡಿಯ ಕೌಂಟರಿನಲ್ಲಿ ಉಳಿದ ಹೆಂಗಸರು ಗಂಡ ಬಳೆ ಕೊಡಿಸಿದ್ದನ್ನೋ ಊರು ಸುತ್ತಿಸಿದ್ದನ್ನೋ ಹೇಳಿಕೊಳ್ಳುವಾಗ ಅವಳು ಬಾಯಿ ಬಿಡುತ್ತಿರಲಿಲ್ಲ, ಒಳಗೊಳಗೇ ನಗುತ್ತಿದ್ದಳು. ಅವರ ಗಂಡಂದಿರು ಏನೇನೋ ಕೊಡಿಸಿರಬಹುದು. ಅವಳ ಗಂಡ ಅವಳಿಗಾಗಿ ಒಂಟೆ ನಿಲ್ಲಿಸಿದ್ದ.

ಬಾಯಿ ಬಿಡುವ ಕೆಲಸವನ್ನು ಅವಳ ತಮ್ಮ ವಹಿಸಿಕೊಂಡಿದ್ದ. ಪಕ್ಕದಲ್ಲೇ ಅವನ ಜೆರಾಕ್ಸ್ ಅಂಗಡಿ. ಒಂದನ್ನು ಹತ್ತು ಮಾಡುವುದು ಅವನಿಗೆ ರಕ್ತದಲ್ಲೇ ಇತ್ತು. “ನಮ್ಮ ಭಾವ ಅಕ್ಕನ್ನ ನೋಡಿದ್ದೇ ತಡ, ಕೈ ಹಾಗೇ ಮರಗಟ್ಟಿತು ಸಾರ್! ಒಂಟೆ ಮೇಲಿತ್ತು, ಮೇಲೇ ಉಳೀತು!” ಎಂದು ಜೆರಾಕ್ಸಿಗೆ ಬಂದವರಿಗೆಲ್ಲ ಹೇಳುತ್ತಿದ್ದ. ಭಾವನ ಅಂಗಡಿಯ ಮುಂದೆ ಬೋರ್ಡು ಬರೆಸಿದವನೂ ಅವನೇ: ‘ಒಂಟೆ ಬಿದ್ದ ದಿನ ನಮ್ಮ ಬ್ಯಾಟರಿ ವಾಪಸ್ ತನ್ನಿ.’

ಒಂಟೆಯ ಭವಿಷ್ಯದ ಬಗ್ಗೆ ಬೀದಿ ಎರಡು ಪಕ್ಷವಾಗಿತ್ತು. ಗುಂಡಿ ಮತ್ತೆ ಒತ್ತಿದ ತಕ್ಷಣ ಒಂಟೆ ಹಳ್ಳ ದಾಟುತ್ತದೆ ಎನ್ನುವವರು ಒಂದು ಕಡೆ, ಸೀದಾ ಮೊಸಳೆಯ ಬಾಯಿಗೇ ಎನ್ನುವವರು ಇನ್ನೊಂದು ಕಡೆ. ಮೊದಲ ಪಕ್ಷದ ಗುರು ಫಿಸಿಕ್ಸ್ ಮೇಷ್ಟ್ರು. ಟಿವಿಯ ಗಾಜಿಗೆ ಸ್ಕೇಲು ಹಿಡಿದು, ಬ್ಯಾಟರಿ ಬಂದ ರಟ್ಟಿನ ಡಬ್ಬದ ಮೇಲೆ ಬಿಲ್ಲಿನಂಥ ಗೆರೆ ಎಳೆದು, ಒಂಟೆ ಆಚೆ ದಡವನ್ನು ಅರ್ಧ ಇಂಚಿನಿಂದ ಗೆಲ್ಲುತ್ತದೆ ಎಂದು ಸಾಧಿಸಿದ್ದರು. ಎರಡನೆಯ ಪಕ್ಷದ ನಾಯಕ ಹಾರ್ಡ್‌ವೇರ್ ಅಂಗಡಿಯವನು. ಅವನ ವಾದಕ್ಕೆ ಗೆರೆ ಬೇಕಿರಲಿಲ್ಲ: “ಮೇಷ್ಟ್ರೇ, ಅದು ಒಂಟೆ. ಜಿಂಕೆ ಅಲ್ಲ.”

ಒಂದೇ ಚಿತ್ರ ವರ್ಷಗಟ್ಟಲೆ ನಿಂತರೆ ಹಳೆಯ ಕಾಲದ ಟಿವಿಯ ಗಾಜಿನ ಮೇಲೆ ಅದರ ಅಚ್ಚು ಕೂತುಬಿಡುತ್ತದೆ. ಹಾಗೆ ಅಚ್ಚಾದ ಟಿವಿಯನ್ನು ಚಾರ್ಜಣ್ಣ ಎಂಟನೆಯ ವರ್ಷ ಮನೆಗೆ ಸಾಗಿಸಿ, ಅಂಗಡಿಗೆ ಇನ್ನೊಂದು ತಂದ. ಅಂದಿನಿಂದ ಅತ್ತೆ ನೋಡುವ ವಾರ್ತೆಯಲ್ಲಿ ಓದುವವರು ಯಾರೇ ಆಗಲಿ, ಅವರ ಮುಖದ ಮೇಲೊಂದು ಮಾಸಿದ ಒಂಟೆ. ಅತ್ತೆ ಮೊದಲು ಶಪಿಸಿದರು, ಆಮೇಲೆ ಹೊಂದಿಕೊಂಡರು. “ಒಣಗಿಸಿದ ಬಟ್ಟೆ ತಗೊಳ್ಳೇ. ಇವತ್ತು ಮಳೆ ಬರುತ್ತಂತೆ, ಒಂಟೆ ಹೇಳ್ತು,” ಎನ್ನುವ ಮಟ್ಟಕ್ಕೆ ಬಂದರು.

ಹೀಗೆ ಎಲ್ಲವೂ ನೆಲೆಗೊಂಡಿರುವಾಗ ಕಟ್ಟಡದ ಮಾಲೀಕ ಬಂದು, ಗೋಡೆ ಬಿರುಕು ಬಿಟ್ಟಿದೆ, ಕೆಡವಿ ಕಟ್ಟಿಸುತ್ತೇನೆ, ಬೀದಿಯ ಕೊನೆಯ ಹೊಸ ಕಟ್ಟಡದಲ್ಲಿ ಮಳಿಗೆ ಕೊಡುತ್ತೇನೆ, ಹೋಗಿ ಎಂದ. ದೂರ ಹೆಚ್ಚೇನಲ್ಲ, ಆರುನೂರು ಹೆಜ್ಜೆ. ಭಾನುವಾರ ಬೆಳಿಗ್ಗೆ ಬ್ಯಾಟರಿಗಳೆಲ್ಲ ಒಂದೊಂದಾಗಿ ಗಾಡಿ ಏರಿ ಹೋದವು. ಕೊನೆಗೆ ಉಳಿದದ್ದು ಡಬ್ಬಿ, ಅದರ ಎರಡು ಬ್ಯಾಟರಿ, ಟಿವಿ, ಒಂಟೆ. ಬೀದಿಯ ಅರ್ಧ ಜನ ಬಾಗಿಲಲ್ಲಿ ನೆರೆದಿದ್ದರು.

ಚಾರ್ಜಣ್ಣ ಬೆವರು ಒರೆಸಿಕೊಂಡು, ಪ್ಲಗ್ಗಿನ ಕಡೆ ಕೈ ಚಾಚಿ ಹೇಳಿದ, “ಆರಿಸಿಬಿಡೋಣ್ವಾ?”

ಬೀದಿಗೆ ಬೀದಿಯೇ ಉಸಿರು ಹಿಡಿಯಿತು.

“ಭಾವಾ!” ಎಂದ ತಮ್ಮ, ಎದೆ ಹಿಡಿದುಕೊಂಡು.

“ಏನ್ರೀ ಹಾಗಂದ್ರೆ?” ಎಂದಳು ಚೀಟಿಯಕ್ಕ.

ಚಾರ್ಜಣ್ಣ ಹೆಂಡತಿಯ ಮುಖ ನೋಡಿದ. ಚಾಚಿದ ಕೈ ಹಿಂದಕ್ಕೆ ತೆಗೆದುಕೊಂಡ. “ಸರಿ, ಸರಿ. ಗಾಡಿ ಮೇಲೇ ತಗೊಂಡು ಹೋಗೋಣ ಬಿಡು,” ಎಂದು ಆ ಎರಡು ಬ್ಯಾಟರಿ ಎತ್ತಿಕೊಳ್ಳಲು ಹೋದ.

ಜನ ಅದನ್ನು ದೊಡ್ಡವರ ತಮಾಷೆ ಎಂದುಕೊಂಡು ನಕ್ಕರು. ಚೀಟಿಯಕ್ಕನಿಗೆ ನಗು ಬರಲಿಲ್ಲ. ಆರಿಸಿಬಿಡೋಣವೇ ಎಂದರೆ ಏನರ್ಥ? ಬಳಸಿ ಮುಗಿದ ಟಾರ್ಚನ್ನು ಆರಿಸುವಷ್ಟು ಸಲೀಸಾಗಿ ಹೇಳಿದನಲ್ಲ! ಆ ಗಳಿಗೆ ಅವನಿಗೆ ಮರೆತೇ ಹೋಯಿತೇ? ಅಥವಾ, ಮರೆಯಲಿಕ್ಕೆ ಅಂಥ ಗಳಿಗೆಯೇ ಇರಲಿಲ್ಲವೇ? ಹತ್ತೊಂಬತ್ತು ವರ್ಷ ನುಂಗಿಕೊಂಡಿದ್ದ ಮಾತ್ರೆ ಈಗ ಗಂಟಲಲ್ಲಿ ಅಡ್ಡ ನಿಂತಿತು. ಅವಳು ತಕ್ಷಣ ಒಂದು ತೀರ್ಮಾನಕ್ಕೆ ಬಂದಳು. ಒಂಟೆ ಗಾಳಿಯಲ್ಲೇ ಹೊಸ ಅಂಗಡಿ ಸೇರಬೇಕು. ಸೇರಿದರೆ ಕೇಳುವ ಪ್ರಮೇಯವೇ ಇಲ್ಲ.

“ಗಾಡಿ ಮೇಲೆ ನಾನೇ ಕೂತ್ಕೋತೀನಿ,” ಎಂದಳು. “ಡಬ್ಬಿ ನನ್ನ ತೊಡೆ ಮೇಲಿರ್ಲಿ.”

ದಂಡಯಾತ್ರೆ ಹೊರಟಿತು. ನಾಲ್ಕು ಚಕ್ರದ ತಳ್ಳುಗಾಡಿ. ಅದರ ಮುಂಭಾಗದಲ್ಲಿ ಎರಡು ಬ್ಯಾಟರಿ, ಬ್ಯಾಟರಿಯ ಮೇಲೆ ಹಲಗೆ, ಹಲಗೆಯ ಮೇಲೆ ಟಿವಿ. ಹಿಂಭಾಗದಲ್ಲಿ ಒಂದು ಕುರ್ಚಿ. ಅದು ಮೊದಲ ದಿನ ಅವಳು ಕೂತ ಕುರ್ಚಿಯೇ. ಅದರಲ್ಲಿ ತೊಡೆಯ ಮೇಲೆ ಡಬ್ಬಿ ಇಟ್ಟುಕೊಂಡ ಚೀಟಿಯಕ್ಕ. ರಿಮೋಟಿನ ಡಬ್ಬದ ಮುಚ್ಚಳ ಸಾಗಿಸುವ ಗಡಿಬಿಡಿಯಲ್ಲಿ ಒಡೆದಿತ್ತು, ಆದ್ದರಿಂದ ರಿಮೋಟು ಅವಳ ಕೈಯಲ್ಲಿ. ಒಡೆದ ಮುಚ್ಚಳದಿಂದ ಚೀಟಿಯನ್ನು ಬಿಡಿಸಿ ರಿಮೋಟಿಗೇ ಅಂಟಿಸಿದ್ದಳು. ಹೆಬ್ಬೆರಳನ್ನು ಗುಂಡಿಗಳಿಂದ ಆದಷ್ಟು ದೂರ, ಹಾವಿನ ಹೆಡೆಯಿಂದ ದೂರ ಇಡುವಂತೆ ಇಟ್ಟುಕೊಂಡಿದ್ದಳು.

ಮುಂದೆ ತಮ್ಮ, “ಸರೀರಿ, ಸರೀರಿ! ಒಂಟೆ ಬರ್ತಿದೆ! ಹಾರನ್ ಹೊಡೀಬೇಡ್ರಪ್ಪ, ಬೆದರುತ್ತೆ!” ಎಂದು ಕೂಗುತ್ತ ನಡೆದ. ಪಕ್ಕದಲ್ಲಿ ಫಿಸಿಕ್ಸ್ ಮೇಷ್ಟ್ರು, ಗಾಜಿಗೆ ಬಿಸಿಲು ಹೊಡೆಯದಂತೆ ಛತ್ರಿ ಹಿಡಿದು. ರಾಜರಿಗೆ ಹಿಡಿದವರಿದ್ದಾರೆ, ಚಡ್ಡಿ ಹಾಕಿದ ಒಂಟೆಗೆ ಛತ್ರಿ ಹಿಡಿದ ಮೊದಲ ವಿದ್ವಾಂಸರು ಇವರೇ ಇರಬೇಕು. ಹಿಂದೆ ಚಾರ್ಜಣ್ಣ ಗಾಡಿ ತಳ್ಳುತ್ತಿದ್ದ, ಒಂದು ಕಣ್ಣು ವೈರಿನ ಮೇಲೆ. ಹಾರ್ಡ್‌ವೇರ್ ಅಂಗಡಿಯವನು ತನ್ನ ಮೆಟ್ಟಿಲ ಮೇಲೆ ನಿಂತು, “ಮೇಷ್ಟ್ರೇ, ಛತ್ರಿ ಸ್ವಲ್ಪ ಕೆಳಗೂ ಹಿಡೀರಿ, ಮೊಸಳೆಗೂ ಬಿಸಿಲು ಹೊಡೀತಿದೆ!” ಎಂದು ಕೂಗಿದ.

“ನೀನು ಉಸಿರಾಡಬೇಡ, ಗಾಳಿಗೆ ಒಂಟೆ ಅಲ್ಲಾಡುತ್ತೆ,” ಎಂದರು ಮೇಷ್ಟ್ರು.

ನಾನೂರು ಹೆಜ್ಜೆ ನಿರ್ವಿಘ್ನವಾಗಿ ಸಾಗಿತು. ಬ್ಯಾಂಕಿನ ಮುಂದೆ ರಸ್ತೆಗೊಂದು ಉಬ್ಬು ಇತ್ತು. ಬೀದಿಯ ಪ್ರತಿಯೊಬ್ಬರೂ ದಿನವೂ ಎಡವುವ ಉಬ್ಬು, ಆದ್ದರಿಂದ ಯಾರಿಗೂ ನೆನಪಿರಲಿಲ್ಲ. ಮುಂಚಕ್ರ ಏರಿತು, ಇಳಿಯಿತು. ಹಿಂಚಕ್ರ ಏರಿತು, ಧಡಕ್ಕನೆ ಇಳಿಯಿತು. ಬೀಳುವವರು ಕೈಯಲ್ಲಿದ್ದದ್ದನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತಾರೆ. ಚೀಟಿಯಕ್ಕನೂ ಹಿಡಿದುಕೊಂಡಳು. ಅವಳ ಕೈಯಲ್ಲಿದ್ದದ್ದು ರಿಮೋಟು.

ಮೊದಲು ಕೇಳಿಸಿದ್ದು ಹಾಡು. ಟಿಣಿಟಿಣಿ ಟಿಣಿಟಿಣಿ ಎಂದು, ಸೈಕಲ್ ಬೆಲ್ಲುಗಳೆಲ್ಲ ಒಟ್ಟಿಗೆ ಸಂಗೀತ ಕಲಿಯಲು ಕೂತಂತೆ. ಹತ್ತೊಂಬತ್ತು ವರ್ಷದಲ್ಲಿ ಆ ಒಂಟೆಗೆ ದನಿ ಇದೆಯೆಂದೇ ಬೀದಿಗೆ ಗೊತ್ತಿರಲಿಲ್ಲ. ಎಲ್ಲರೂ ನಿಂತಲ್ಲೇ ನಿಂತರು. ಈಗ ಗಾಳಿಯಲ್ಲಿ ಸಿಕ್ಕಿಕೊಂಡವರು ಅವರು. ಚಲಿಸುತ್ತಿದ್ದದ್ದು ಒಂಟೆ.

ಅದು ಇಳಿಯಿತು. ಕಾಲು ಚಾಚಿದ್ದು ಚಾಚಿದಂತೆಯೇ, ಮೊದಲ ಮೊಸಳೆಯ ಮೂಗು ದಾಟಿ, ಎರಡನೆಯದರ ಹಲ್ಲು ದಾಟಿ, ಮೂರನೆಯದು ಬಾಯಿ ಮುಚ್ಚುವ ಹೊತ್ತಿಗೆ ಸರಿಯಾಗಿ ಬಾಲವನ್ನು ಹೊರಗೆಳೆದುಕೊಂಡು, ಆಚೆ ದಡದ ಅಂಚಿನಲ್ಲಿ ಎರಡು ಕಾಲೂರಿ, ತೂರಾಡಿ, ನಿಂತಿತು.

“ದಾಟ್ತು!”

ಆಮೇಲಿನ ಗದ್ದಲವನ್ನು ಏನೆಂದು ಹೇಳುವುದು? ಮೇಷ್ಟ್ರು ಛತ್ರಿ ಎಸೆದರು. “ಅರ್ಧ ಇಂಚು! ಹೇಳಿರಲಿಲ್ವಾ ನಾನು, ಅರ್ಧ ಇಂಚು!” ಎಂದು ಸಿಕ್ಕ ಸಿಕ್ಕವರ ಮೂಗಿನ ಮುಂದೆ ಬೆರಳಲ್ಲಿ ಅಳತೆ ತೋರಿಸಿದರು. ಹಾರ್ಡ್‌ವೇರ್ ಅಂಗಡಿಯವನು ಮೆಟ್ಟಿಲಿಳಿದು ಓಡಿ ಬಂದು ಅವರನ್ನು ತಬ್ಬಿಕೊಂಡ. ತಮ್ಮ ಕಣ್ಣೀರು ಹಾಕಿದ. ಗುಂಪಿನಲ್ಲಿ ಯಾರೋ ಒಬ್ಬರು, “ಬೋರ್ಡಿನಲ್ಲಿ ಬರ್ದಿದ್ರಲ್ಲ, ಬ್ಯಾಟರಿ ವಾಪಸ್ ತರಬಹುದಾ?” ಎಂದು ಕೇಳಿದ್ದಕ್ಕೆ, ಕಣ್ಣೀರಿನ ನಡುವೆಯೇ, “ಬಿದ್ದಿಲ್ಲ ಸ್ವಾಮಿ, ಇಳಿದಿದೆ! ಬೀಳೋದಕ್ಕೂ ಇಳಿಯೋದಕ್ಕೂ ವ್ಯತ್ಯಾಸ ಇಲ್ವಾ?” ಎಂದ.

ಟಿವಿಯ ಕಡೆ ನೋಡುತ್ತಿದ್ದವಳು ಚೀಟಿಯಕ್ಕ ಒಬ್ಬಳೇ. ಬಲಗಡೆಯಿಂದ ಒಂದು ಏಡಿ ಬರುತ್ತಿತ್ತು. ದೊಡ್ಡದಲ್ಲ, ಗುಂಡಿಯಷ್ಟು. ಅವಸರವೂ ಇಲ್ಲ, ಪಿಂಚಣಿ ತರಲು ಹೊರಟವರ ನಡಿಗೆ.

“ರೀ! ರೀ, ಏಡಿ!”

ಚಾರ್ಜಣ್ಣ ಗಾಡಿಯ ಹಿಂದಿನಿಂದ ಕತ್ತು ಚಾಚಿದ. “ಹಾರಿಸು.”

“ಹಾರೋದು ಯಾವುದು?”

ಹತ್ತೊಂಬತ್ತು ವರ್ಷ ಯಾರೂ ಮುಟ್ಟದಂತೆ ಕಾಯ್ದವಳು, ತಾನೂ ಮುಟ್ಟಿರಲಿಲ್ಲ. ಯಾವ ಗುಂಡಿ ಯಾವುದಕ್ಕೆ ಎಂದು ಜಗತ್ತಿನ ಎಲ್ಲ ಡಬ್ಬಕ್ಕೂ ಚೀಟಿ ಬರೆದ ಹೆಂಗಸು ಈ ಒಂದಕ್ಕೆ ಮಾತ್ರ ಬರೆದಿರಲಿಲ್ಲ.

“ಬಲಗಡೆ ಕೆಂಪು...” ಎನ್ನುವಷ್ಟರಲ್ಲಿ ಅವಳು ಸಿಕ್ಕಿದ್ದನ್ನು ಒತ್ತಿದಳು. ಒಂಟೆ ಹಾರಲಿಲ್ಲ. ಎಲ್ಲ ಒಂಟೆಗಳೂ ದಣಿದಾಗ ಮಾಡುವುದನ್ನೇ ಮಾಡಿತು. ಮುಂಗಾಲು ಮಡಚಿ, ಹಿಂಗಾಲು ಮಡಚಿ, ಮರಳಿನಲ್ಲಿ ಕೂತಿತು. ಹತ್ತೊಂಬತ್ತು ವರ್ಷದ ಮೇಲೆ ಸಿಕ್ಕ ನೆಲ ಅಲ್ಲವೇ. ಕೂತ ಒಂಟೆಯ ಬಳಿಗೆ ಏಡಿ ಬಂತು, ನಮಸ್ಕಾರ ಮಾಡುವಷ್ಟು ಮೆಲ್ಲಗೆ ತಾಕಿತು. ಒಂಟೆ ಒಮ್ಮೆ ಮೇಲಕ್ಕೆ ಚಿಮ್ಮಿ, ಕಾಲು ಮೇಲಾಗಿ, ತೆರೆಯ ಕೆಳಗೆ ಉರುಳಿ ಹೋಯಿತು. ಹಾಡು ನಿಂತಿತು. ಆಟ ಮುಗಿಯಿತೆಂದು ಕಪ್ಪು ತೆರೆಯ ಮೇಲೆ ಎರಡು ಇಂಗ್ಲಿಷ್ ಪದ ಮೂಡಿದವು.

ಗುಂಪಿನಲ್ಲಿ ಯಾರೂ ಅದನ್ನು ನೋಡಲಿಲ್ಲ. ಅವರ ಮಟ್ಟಿಗೆ ಒಂಟೆ ದಾಟಿತ್ತು, ಈಗಲೂ ದಾಟಿದೆ. ಹಾರ್ಡ್‌ವೇರ್ ಅಂಗಡಿಯವನೂ ಮೇಷ್ಟ್ರೂ ಹೆಗಲ ಮೇಲೆ ಕೈ ಹಾಕಿಕೊಂಡು ಟೀ ಅಂಗಡಿಗೆ ಹೋದರು. ಅವರ ಹಿಂದೆ ತಮ್ಮ, ಅವನ ಹಿಂದೆ ಬೀದಿ. ಹತ್ತೊಂಬತ್ತು ವರ್ಷ ಹಗೆ ಸಾಧಿಸಿದ ಎರಡು ಪಕ್ಷಗಳು ಕೈಗೆ ಲೋಟ ಬರುವ ಮುಂಚೆಯೇ ಒಂದಾಗಿದ್ದವು.

ಕೊನೆಯ ಇನ್ನೂರು ಹೆಜ್ಜೆ ಗಾಡಿಯ ಜೊತೆ ಇದ್ದವರು ಇಬ್ಬರೇ. ಚಾರ್ಜಣ್ಣ ತಳ್ಳಿದ, ಚೀಟಿಯಕ್ಕ ಕೂತಿದ್ದಳು. ಇಳಿದು ನಡೆಯಬೇಕೆಂಬುದೂ ಅವಳಿಗೆ ಹೊಳೆಯಲಿಲ್ಲ.

ಹೊಸ ಮಳಿಗೆಯಲ್ಲಿ ಬಣ್ಣದ ವಾಸನೆ ಇತ್ತು, ಆಸಿಡ್ಡಿನ ವಾಸನೆ ಇನ್ನೂ ಬಂದು ಸೇರಿರಲಿಲ್ಲ. ಚಾರ್ಜಣ್ಣ ಕುರ್ಚಿ ಇಳಿಸಿ ಹಾಕಿದ, ಅವಳು ಅದರಲ್ಲೇ ಮತ್ತೆ ಕೂತಳು. ಅವನು ಡಬ್ಬಿಯನ್ನು ಅವಳ ತೊಡೆಯಿಂದ ತೆಗೆದುಕೊಂಡು ಪಕ್ಕದ ಸ್ವಿಚ್ಚನ್ನು ಟಕ್ ಎಂದು ಒತ್ತಿದ. ಹತ್ತೊಂಬತ್ತು ವರ್ಷ ಉರಿದ ಸಾಸಿವೆಯಷ್ಟು ಕೆಂಪು ದೀಪ ಆರಿತು. ಡಬ್ಬಿಯ ಬೆನ್ನ ಮೇಲೆ ಅಂಗೈ ಇಟ್ಟು, “ಬಿಸಿಯಾಗಿದೆ, ಪಾಪ,” ಎಂದ. ಅದಕ್ಕೆ ಶೋಕಸಭೆ ನಡೆದದ್ದು ಅಷ್ಟೇ.

“ತಪ್ಪಾಯ್ತು ಕಣ್ರೀ,” ಎಂದಳು ಚೀಟಿಯಕ್ಕ.

“ಯಾವುದು?”

“ಇಷ್ಟು ವರ್ಷ ನೀವು ಕಾಪಾಡಿದ್ದು. ನನ್ನ ಹೆಬ್ಬೆಟ್ಟಿಗೆ ಬಲಿಯಾಯ್ತು.”

“ಅಯ್ಯೋ, ಬಿಡೇ. ನಾನು ಅಲ್ಲೇ ಆರಿಸಿಬಿಡೋಣ ಅನ್ಲಿಲ್ವಾ?”

ಮಾತ್ರೆ ಮತ್ತೆ ಗಂಟಲಿಗೆ ಬಂತು. ಈ ಸಲ ಅವಳು ಅಗಿದೇ ನೋಡುವುದೆಂದು ಗಟ್ಟಿ ಮನಸ್ಸು ಮಾಡಿದಳು.

“ಅಷ್ಟು ಸಲೀಸಾಗಿ ಆರಿಸೋ ಹಾಗಿದ್ರೆ, ಹತ್ತೊಂಬತ್ತು ವರ್ಷ ಯಾಕ್ರೀ ಆರಿಸ್ಲಿಲ್ಲ? ವಾರವಾರ ಬ್ಯಾಟರಿ ಬದಲಾಯಿಸಿಕೊಂಡು, ಜ್ವರ ಬಂದಾಗ್ಲೂ ಎದ್ದು ಬಂದು?”

ಚಾರ್ಜಣ್ಣ ಇದೆಂಥ ಪ್ರಶ್ನೆ ಎಂಬಂತೆ ಅವಳನ್ನು ನೋಡಿದ. ಅವಳ ಕೈಯಲ್ಲೇ ಇದ್ದ ರಿಮೋಟನ್ನು ತೋರಿಸಿದ. ಅದರ ಮೇಲೆ ಚೀಟಿ, ಗುಂಡಗಿನ ಅಕ್ಷರ.

“ನೀನೇ ತಾನೇ ಬರ್ದು ಅಂಟಿಸಿದ್ದು? ಔಷಧಿ ಅಂಗಡಿಯವಳು ಬರ್ದಿದ್ದಾಳೆ ಅಂದ್ರೆ ಏನೋ ಕಾರಣ ಇರುತ್ತೆ ಅಂದ್ಕೊಂಡೆ. ಚೀಟಿ ಹಳೇದಾದಾಗಲೆಲ್ಲ ಹೊಸದು ಬೇರೆ ಅಂಟಿಸ್ತಿದ್ದೆ. ನಿಂಗೆ ಬೇಕು ಅಂತ ಇಟ್ಟೆ.”

ಚೀಟಿಯಕ್ಕ ರಿಮೋಟನ್ನು ನೋಡಿದಳು, ಗಂಡನ ಆಸಿಡ್ಡಿನ ಕಲೆಯ ಬೆರಳುಗಳನ್ನು ನೋಡಿದಳು. ಅವನಿಗಾಗಿ ಎಂದು ಅವಳು ಕಾಯ್ದದ್ದನ್ನು ಅವಳಿಗಾಗಿ ಎಂದು ಅವನು ಕಾಯ್ದಿದ್ದ. ಇಬ್ಬರಿಗೂ ಬೇಡವಾದ ಒಂಟೆಯೊಂದು ಇಬ್ಬರ ಮರ್ಯಾದೆಗಾಗಿ ಅಷ್ಟು ವರ್ಷ ಮೊಸಳೆಗಳ ಮೇಲೆ ಕಾಲು ಚಾಚಿಕೊಂಡಿತ್ತು. ಬೇರೆ ಯಾರಾದರೂ ಆಗಿದ್ದರೆ ಇಷ್ಟಕ್ಕೆ ತೃಪ್ತಿಪಟ್ಟು ಎದ್ದು ಕಸ ಗುಡಿಸಲು ಹೋಗುತ್ತಿದ್ದರು. ಆದರೆ ಆಸೆಗೆ ಇಷ್ಟೇ ಎಂದು ಪ್ರಮಾಣ ಬರೆದ ಚೀಟಿಯನ್ನು ಯಾವ ಅಂಗಡಿಯವರೂ ಅಂಟಿಸಿಲ್ಲ. ಅವಳ ಮುಖ ಅರಳಿತು. ಸೆರಗಿನಿಂದ ಕಣ್ಣೊರೆಸಿಕೊಂಡು, ಸ್ವಲ್ಪ ನಾಚಿಕೊಂಡೇ ಕೇಳಿದಳು:

“ಹಾಗಾದ್ರೆ ಮೊದಲು ನಿಲ್ಲಿಸಿದ್ದೂ ನನಗೋಸ್ಕರಾನೇ ಅನ್ನಿ. ಅವತ್ತು ನಾನು ಬಾಗಿಲಿಗೆ ಬಂದದ್ದು ನೋಡಿ...”

ಚಾರ್ಜಣ್ಣ ಯೋಚಿಸಿದ. ಬ್ಯಾಟರಿಯಲ್ಲಿ ಎಷ್ಟು ಉಳಿದಿದೆ ಎಂದು ಗಿರಾಕಿಗೆ ಹೇಳುವ ಮುಂಚೆ ಯೋಚಿಸುವಷ್ಟೇ ಪ್ರಾಮಾಣಿಕವಾಗಿ ಯೋಚಿಸಿದ.

“ಇಲ್ಲ ಕಣೇ. ನಿನ್ನನ್ನ ನೋಡಿದ್ದು ವಾಪಸ್ ಬಂದ ಮೇಲೆ. ಒಂದಕ್ಕೆ ಅರ್ಜೆಂಟಾಗಿತ್ತು.”